ಪ್ಲಗ್ಗಿಗೆ ಪೇಸ್ಟ್ ಹಚ್ಚುವ ಮನೆಯ ಸಂಬಂಧ

ಗಾಡಿಗಳ ಬಿಡಿಭಾಗ ಮಾರುವ ಅಂಗಡಿಗೆ ಯಾರೂ ಸಂತೋಷದಿಂದ ಬರುವುದಿಲ್ಲ. ಏನಾದರೂ ಮುರಿದಿರಬೇಕು, ಸವೆದಿರಬೇಕು, ಇಲ್ಲವೇ ನಡುರಸ್ತೆಯಲ್ಲಿ ಕೈಕೊಟ್ಟಿರಬೇಕು. ನಗುನಗುತ್ತಾ ಬರುವವರು ಎರಡೇ ಬಗೆ: ದಾರಿ ಕೇಳುವವರು ಮತ್ತು ಚುನಾವಣೆಗೆ ನಿಂತವರು. ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇಂಥದೊಂದು ಅಂಗಡಿ ಇಟ್ಟುಕೊಂಡು ನಾನು ಇಷ್ಟು ವರ್ಷ ಗಂಭೀರವಾಗಿಯೇ ಕುಳಿತಿದ್ದೇನೆ. ಆದರೂ ನಗೆಪಾಟಲಿನ ಸಂಗತಿಗಳು ನನ್ನ ಕೌಂಟರು ಹುಡುಕಿಕೊಂಡು ಬರುವುದು ನಿಂತಿಲ್ಲ. ಅವು ಮಾತ್ರ ಯಾರನ್ನೂ ದಾರಿ ಕೇಳುವುದಿಲ್ಲ.

ಕೆಳಗಿನ ಪ್ರಸಂಗಗಳೆಲ್ಲ ಹೆಬ್ಬೆರಳು ಗಾತ್ರದ ಒಂದು ಟ್ಯೂಬಿನಿಂದ ಹೊರಬಂದವು. ಆ ಟ್ಯೂಬಿನಲ್ಲಿ ಒಬ್ಬ ಹುಡುಗಿಯ ಮದುವೆ ಸಿಕ್ಕಿಹಾಕಿಕೊಂಡಿತ್ತು. ಹುಡುಗಿ ನಮ್ಮ ಪಕ್ಕದ ಗ್ಯಾರೇಜಿನ ಮೇಸ್ತ್ರಿಯ ಮಗಳು. ತೋರಣಗಲ್ಲಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಹುಡುಗ ಅದೇ ಕಾರ್ಖಾನೆಯಲ್ಲಿ ಕ್ರೇನು ನಡೆಸುವವನು, ಸಂಡೂರಿನ ಒಬ್ಬ ಮೇಸ್ತ್ರಿಯ ಮಗ. ಇಬ್ಬರೂ ಮೇಸ್ತ್ರಿಗಳ ಮಕ್ಕಳಾದ್ದರಿಂದ ಸಂಬಂಧ ಸಲೀಸಾಗಿ ಕೂಡುತ್ತದೆ ಎಂದು ಎಲ್ಲರೂ ನಂಬಿದ್ದರು. ಸಂಬಂಧ ಕೆಟ್ಟದ್ದೂ ಅದೇ ಕಾರಣಕ್ಕೆ.

೧. ಒಂಚೂರು

ಸ್ಪಾರ್ಕ್ ಪ್ಲಗ್ಗು ಉಕ್ಕಿನದು. ಅದು ಕೂರುವ ಇಂಜಿನ್ ಹೆಡ್ಡು ಅಲ್ಯೂಮಿನಿಯಮ್ಮಿನದು. ಎರಡೂ ವರ್ಷಗಟ್ಟಲೆ ಒಂದೇ ಬಿಸಿಯಲ್ಲಿ ಬೆಂದರೆ ಒಂದನ್ನೊಂದು ಬಿಡಲು ಒಪ್ಪುವುದಿಲ್ಲ. ಜೋರು ಮಾಡಿ ತಿರುಗಿಸಿದರೆ ಪ್ಲಗ್ಗು ಹೊರಗೆ ಬರುತ್ತದೆ, ಜೊತೆಗೆ ಹೆಡ್ಡಿನ ತೂತಿನ ಸುತ್ತುಗೆರೆ, ಅಂದರೆ ಥ್ರೆಡ್ಡೂ ಬರುತ್ತದೆ. ಹಾಗಾಗದಿರಲಿ ಎಂದು ಪ್ಲಗ್ಗು ಕೂರಿಸುವಾಗ ಅದರ ಥ್ರೆಡ್ಡಿಗೆ ಹಚ್ಚುವ ಪೇಸ್ಟೊಂದಿದೆ. ಟ್ಯೂಬಿನ ಮೇಲೆ ಆಂಟಿ-ಸೀಜ್ ಎಂದು ಬರೆದಿರುತ್ತದೆ. ನೋಡಲು ಬೆಣ್ಣೆಯಲ್ಲಿ ಬೆಳ್ಳಿ ಕಲಸಿಟ್ಟ ಹಾಗಿರುವುದರಿಂದ ನಮ್ಮ ಬೀದಿಯಲ್ಲಿ ಅದರ ಹೆಸರು ಬೆಳ್ಳಿ ಪೇಸ್ಟು.

ಒಂಚೂರು ಹಚ್ಚಿದರೆ ಸಾಕು ಎಂದು ಟ್ಯೂಬಿನ ಹಿಂದೆ ಬರೆದಿದ್ದಾರೆ. ಬರೆದವರು ನಮ್ಮ ಕಡೆ ಊಟಕ್ಕೆ ಕೂತವರಲ್ಲ. ಇಲ್ಲಿ ಹೋಳಿಗೆಗೆ ಒಂಚೂರು ತುಪ್ಪ ಎಂದರೆ ಹೋಳಿಗೆ ಕಾಣಬಾರದು. ನಮ್ಮ ಮೇಸ್ತ್ರಿ ಪ್ಲಗ್ಗಿಗೆ ಪೇಸ್ಟ್ ಹಚ್ಚಿದ್ದು ಇದೇ ಅಳತೆಯಲ್ಲಿ. ಹಿಂದೊಮ್ಮೆ ಯಾರದೋ ಗಾಡಿಯ ಪ್ಲಗ್ಗು ಹೆಡ್ಡಿನೊಳಗೇ ಮುರಿದು ಅವರ ಮರ್ಯಾದೆ ಹೋಗಿತ್ತಂತೆ. ಆಮೇಲೆ ನನ್ನ ಅಂಗಡಿಗೆ ಈ ಟ್ಯೂಬು ಬಂದಾಗ ಅವರು ಅದನ್ನು ಮಾಲು ಎಂದು ನೋಡಲಿಲ್ಲ, ಬಂಧು ಎಂದು ನೋಡಿದರು.

ಈ ಪೇಸ್ಟಿನ ಒಂದು ಗುಣವೆಂದರೆ ಅದು ಹಚ್ಚಿದಲ್ಲಿ ಇರುವುದಿಲ್ಲ. ಬೆರಳಿನಿಂದ ಚಹದ ಗ್ಲಾಸಿಗೆ, ಗ್ಲಾಸಿನಿಂದ ಚಹದವನಿಗೆ, ಅವನಿಂದ ಇಡೀ ಬೀದಿಗೆ ಹೋಗುತ್ತದೆ. ಸಾಬೂನಿನಿಂದ ತೊಳೆದರೆ ಕೈ ಹಾಗೇ ಇದ್ದು ಸಾಬೂನು ಬೆಳ್ಳಿಯಾಗುತ್ತದೆ. ಗಿರಾಕಿಗಳ ಹ್ಯಾಂಡಲು, ಸೀಟು, ಹೆಲ್ಮೆಟ್ಟು, ನನ್ನ ಕೌಂಟರು, ಗೋಡೆಯ ಕ್ಯಾಲೆಂಡರು, ಎಲ್ಲ ಕಡೆ ಮೇಸ್ತ್ರಿಯ ಬೆರಳುಗಳು ಮೂಡಿದವು. ಮೇಸ್ತ್ರಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಗುರುತು ಹಿಡಿದು ಹೋಗಿ ಎನ್ನುತ್ತಿದ್ದೆವು. ಸಿಗುತ್ತಿದ್ದರು.

ಒಂದು ಬೇಸಿಗೆ ಮಧ್ಯಾಹ್ನ ಮೇಸ್ತ್ರಿ ಮೂರು ಬೆರಳಿನಿಂದ ಹಣೆಯ ಬೆವರು ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಪಾಪಿನಾಯಕನಹಳ್ಳಿಯ ಹಿರಿಯರೊಬ್ಬರು ನನ್ನ ಕೌಂಟರಿಗೆ ಬಂದು, ಆ ಮೇಸ್ತ್ರಿ ಹಚ್ಚಿಕೊಂಡಿರುವ ವಿಭೂತಿ ಭಾಳ ಹೊಳೆಯುತ್ತದೆ, ನಿಮ್ಮಲ್ಲೇ ಸಿಗುತ್ತದೆ ಎಂದು ಅವರೇ ಹೇಳಿದರು, ಒಂದು ಕೊಡಿ ಎಂದರು. ಅದು ವಿಭೂತಿಯಲ್ಲ, ಪ್ಲಗ್ಗಿಗೆ ಹಚ್ಚುವ ಪೇಸ್ಟು ಎಂದು ನಾನು ಬಿಡಿಸಿ ಹೇಳಿದೆ. ಹಿರಿಯರು ಟ್ಯೂಬನ್ನು ತಿರುಗಿಸಿ ನೋಡಿ, ಹಣೆಯನ್ನೊಮ್ಮೆ ಮುಟ್ಟಿಕೊಂಡು ಯೋಚಿಸಿದರು.

"ಇರ್ಲಿ ಕೊಡ್ರಿ. ಮನ್ಯಾಗ ಪೆಟ್ರೋಲಿನ ಸ್ಪ್ರೇ ಪಂಪೂ ಐತಿ, ಅದಕ್ಕೂ ಪ್ಲಗ್ಗೈತಿ" ಎಂದರು.

೨. ಕಟ್ ಅಂದ ಪಾನಾ

ಹಂಪಿಗೆ ಬಂದಿದ್ದ ಒಬ್ಬ ಪರದೇಶಿ ಪ್ರವಾಸಿ ತನ್ನ ಸ್ವಂತ ಮೋಟರ್ ಸೈಕಲ್ಲನ್ನು ನಮ್ಮ ಮೇಸ್ತ್ರಿಯ ಗ್ಯಾರೇಜಿಗೆ ತಂದ. ಎಷ್ಟೋ ದೇಶ ದಾಟಿಸಿಕೊಂಡು ಬಂದ ಗಾಡಿ. ಪ್ಲಗ್ಗು ಬದಲಿಸಬೇಕಿತ್ತು. ಹೊಸ ಪ್ಲಗ್ಗನ್ನು ಅವನೇ ತಂದಿದ್ದ, ನಟ್ಟು ಬಿಗಿಯುವ ಪಾನಾಗಳನ್ನೂ ತಂದಿದ್ದ. ಅವನ ಪಾನಾಗಳು ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ್ದವು. ನಮ್ಮ ಮೇಸ್ತ್ರಿಯ ಪಾನಾಗಳು ಎಣ್ಣೆ ಡಬ್ಬಿಯಲ್ಲಿ ನಿಂತಿದ್ದವು.

ಮೇಸ್ತ್ರಿ ಟ್ಯೂಬು ಹಿಂಡಿದ ಕೂಡಲೇ ಪ್ರವಾಸಿ ತಡೆದು ಮೊಬೈಲಿನಲ್ಲಿ ಏನೋ ತೋರಿಸಿದ. ನಾನು ಹೋಗಿ ಓದಿ ಹೇಳಿದೆ: ಈ ಪ್ಲಗ್ಗಿಗೆ ಕಂಪನಿಯಲ್ಲೇ ಮೇಲೆ ಲೇಪ ಕೊಟ್ಟಿರುತ್ತಾರೆ, ಪೇಸ್ಟ್ ಬೇಕಿಲ್ಲ. ಮೇಸ್ತ್ರಿ ಭಾಳ ವಿನಯದಿಂದ ತಲೆಯಾಡಿಸಿ ಪೇಸ್ಟ್ ಹಚ್ಚಿದರು. ಪ್ರವಾಸಿ ಎರಡೂ ಕೈ ಅಡ್ಡ ಹಿಡಿದ. ಮೇಸ್ತ್ರಿ ಇನ್ನೊಂದಿಷ್ಟು ಹಚ್ಚಿದರು. ನಮ್ಮ ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದವರಿಗೆ ಬಡಿಸುವ ಪದ್ಧತಿ ಇದೇ.

ಸೋತ ಪ್ರವಾಸಿ, ಬಿಗಿಯಾದರೂ ಅಳತೆಗೆ ಸರಿಯಾಗಿರಲಿ ಎಂದು ತನ್ನ ಪೆಟ್ಟಿಗೆಯಿಂದ ಉದ್ದನೆಯ ಪಾನಾ ಒಂದನ್ನು ಕೊಟ್ಟ. ಎಷ್ಟು ಬಿಗಿ ಬೇಕೋ ಅಷ್ಟಾದ ಕೂಡಲೇ ಕಟ್ ಎಂದು ಸದ್ದು ಮಾಡಿ, ಸಾಕು ಎಂದು ಹೇಳುವ ಪಾನಾ ಅದು. ಇದನ್ನು ಅವನು ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೇಸ್ತ್ರಿ ತಿರುಗಿಸಿದರು. ಕಟ್ ಎಂದಿತು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

"ಅಣ್ಣಾರ, ಮುರೀತು" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಪ್ರವಾಸಿ ಮಾತ್ರ ನಗುತ್ತಾ ಹೆಬ್ಬೆರಳು ಎತ್ತಿ ತೋರಿಸಿದ. ಅಷ್ಟು ಬೆಲೆಬಾಳುವ ಪಾನಾ ಮುರಿದರೂ ನಗುವ ಇಂಥ ದೊಡ್ಡ ಮನಸ್ಸಿನ ಮನುಷ್ಯನನ್ನು ಮೇಸ್ತ್ರಿ ಕಂಡಿರಲಿಲ್ಲ. ಅವರೂ ಕೃತಜ್ಞತೆಯಿಂದ ಹೆಬ್ಬೆರಳು ಎತ್ತಿದರು. ಪ್ರವಾಸಿ ಅದರ ಫೋಟೋ ತೆಗೆದುಕೊಂಡ. ಅವನು ಪೆಟ್ಟಿಗೆ ಕಟ್ಟುವಷ್ಟರಲ್ಲಿ ಮೇಸ್ತ್ರಿ ತಮ್ಮ ಹಳೆಯ ಪಾನಾದಿಂದ ಪ್ಲಗ್ಗನ್ನು ಇನ್ನೂ ಕಾಲು ಸುತ್ತು ತಿರುಗಿಸಿದರು. ಅವನ ಪಾನಾ ಮುರಿದ ಪಾಪಕ್ಕೆ ಇದು ಅವರ ಪ್ರಾಯಶ್ಚಿತ್ತ. ಪೇಸ್ಟಿನ ಜಾರಿಕೆಗೆ ಪ್ಲಗ್ಗು ಎಷ್ಟು ನಯವಾಗಿ ತಿರುಗಿತೆಂದರೆ, ಎಲ್ಲಿ ನಿಲ್ಲಿಸಬೇಕೆಂದು ಕೈಗೆ ತಿಳಿಯಲಿಲ್ಲ.

ಸಂಡೂರಿನ ಏರಿನಲ್ಲಿ ಪ್ಲಗ್ಗು ಸೋಡಾ ಬಾಟಲಿಯ ಸದ್ದು ಮಾಡಿ, ಥ್ರೆಡ್ಡು ಸಮೇತ ಹಾರಿಹೋಯಿತು. ಪ್ರವಾಸಿ ಗಾಡಿ ತಳ್ಳಿಕೊಂಡು ಊರು ಸೇರಿ ಮೊದಲು ಕಂಡ ಗ್ಯಾರೇಜಿಗೆ ಹೋದ. ಅದು ಹುಡುಗನ ತಂದೆಯ ಗ್ಯಾರೇಜು. ಸಂಡೂರಿನ ಮೇಸ್ತ್ರಿ ಜೀವಮಾನದಲ್ಲಿ ಪ್ಲಗ್ಗಿಗೆ ಏನನ್ನೂ ಹಚ್ಚದೆ ಒಣದಾಗಿಯೇ ಕೂರಿಸಿಕೊಂಡು ಬಂದವರು. ಹೆಡ್ಡಿನ ತೂತಿನಲ್ಲಿ ಬೆಳ್ಳಿ ಕಂಡು, ಇದನ್ನು ಮಾಡಿದವರು ಯಾರು ಎಂದು ಸನ್ನೆಯಲ್ಲಿ ಕೇಳಿದರು. ಪ್ರವಾಸಿ ಫೋಟೋ ತೋರಿಸಿ, ಅವರ ಮೊಬೈಲಿಗೂ ಕಳಿಸಿದ. ಅದರಲ್ಲಿ ಮುಖ ಬಂದಿರಲಿಲ್ಲ. ಬೆಳ್ಳಿ ಬಣ್ಣದ ಹೆಬ್ಬೆರಳು ಮಾತ್ರ ತುಂಬ ಸ್ಪಷ್ಟವಾಗಿ ಬಂದಿತ್ತು.

ಸಂಡೂರಿನ ಮೇಸ್ತ್ರಿಯೂ ನನ್ನ ಗಿರಾಕಿಯೇ. ಅಲ್ಲಿ ಸಿಗದ ಸಾಮಾನಿಗೆ ಬಸ್ಸು ಹಿಡಿದು ನನ್ನಲ್ಲಿಗೇ ಬರುತ್ತಾರೆ. ಮುಂದಿನ ಸಲ ಬಂದಾಗ ಕೌಂಟರಿಗೆ ಮೊಣಕೈ ಊರಿ ಆ ಫೋಟೋ ತೋರಿಸಿ, ಇದು ಯಾರ ಬೆರಳು, ನಿಮ್ಮ ಊರಿನದೇ ಅಂತ ಅನುಮಾನ ಎಂದರು. ನಾನು ಬಹಳ ಹೊತ್ತು ನೋಡಿ, ಬರೀ ಬೆರಳು ನೋಡಿ ಮನುಷ್ಯನನ್ನು ಹೇಳುವುದು ಕಷ್ಟ ಎಂದೆ. ಅವರು ಒಪ್ಪಿದರು. ಅದೇ ಬೆರಳಿನ ಗುರುತು ಆಗ ಅವರ ಮೊಣಕೈಯ ಕೆಳಗೇ ಇತ್ತು.

೩. ಹೆಣ್ಣು ನೋಡುವ ಶಾಸ್ತ್ರ

ಹುಡುಗ, ಹುಡುಗಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಬ್ಬರನ್ನೊಬ್ಬರು ನೋಡಿ, ಒಪ್ಪಿ, ತೀರ್ಮಾನಿಸಿಯೂ ಆಗಿತ್ತು. ಶಾಸ್ತ್ರ ಬೇಕಿದ್ದದ್ದು ಹಿರಿಯರಿಗೆ. ಎರಡೂ ಮನೆಗೆ ಬೇಕಾದವರೆಂದು ಕಂಪ್ಲಿಯ ರೈಸ್ ಮಿಲ್ಲಿನ ಸಾಹುಕಾರರು ನಡುವೆ ನಿಂತರು. ಕುಲ, ಜಾತಕ, ಅಂತಸ್ತು ಎಲ್ಲ ತೂಗಿ ನೋಡಿ, ಭತ್ತ ಕೂಡ ಇಷ್ಟು ಚೆನ್ನಾಗಿ ತೂಗುವುದಿಲ್ಲ ಎಂದರು. ಹುಡುಗಿಯ ತಂದೆ ಯಾರು ಎಂದು ಸಂಡೂರಿನವರಿಗೆ ಗೊತ್ತಿತ್ತು. ಅವರ ಹೆಬ್ಬೆರಳು ಯಾವುದು ಎಂದು ಗೊತ್ತಿರಲಿಲ್ಲ.

ಗಂಡಿನ ಕಡೆಯವರು ಬರುವ ದಿನ ನಮ್ಮ ಮೇಸ್ತ್ರಿಯ ಹೆಂಡತಿ ಗಂಡನ ಕೈಯನ್ನು ಹಿಡಿದು ಕೂರಿಸಿದರು. ಸೀಮೆಎಣ್ಣೆ ಹಾಕಿ ತಿಕ್ಕಿದರು, ಬೂದಿ ಹಾಕಿ ತಿಕ್ಕಿದರು, ಕೊನೆಗೆ ಹಿತ್ತಾಳೆ ಪಾತ್ರೆಗೆಂದು ನೆನೆಸಿದ್ದ ಹುಣಸೆಹಣ್ಣು ಹಾಕಿ ತಿಕ್ಕಿದರು. ಕೈ ಕೆಂಪಾಯಿತು. ಹೆಬ್ಬೆರಳು ಮೊದಲಿಗಿಂತ ಹೆಚ್ಚು ಹೊಳೆಯಿತು. ಆಗ ಅವರು ಗಂಡನಿಗೆ, ನೀವು ಇವತ್ತು ಶಲ್ಯದೊಳಗಿಂದ ಕೈ ಹೊರಗೆ ತೆಗೆಯಬೇಡಿ, ಬಾಯಿಯಿಂದಲೇ ನಮಸ್ಕಾರ ಮಾಡಿ ಎಂದು ಹೇಳಿದರು.

ಹಾಗೇ ನಡೆಯಿತು. ಪಕ್ಕದವನೆಂದು ನನ್ನನ್ನೂ ಕರೆದಿದ್ದರು. ಹುಡುಗ ಹುಡುಗಿ ಒಂದೆರಡು ಮಾತಾಡಿಕೊಳ್ಳಲಿ ಎಂದು ಮಾಳಿಗೆಗೆ ಕಳಿಸಿದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಬಂತು. ಸಂಡೂರಿನ ಮೇಸ್ತ್ರಿ ಎರಡು ಮಿರ್ಚಿ ತಿಂದು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಅದೇ ತಪ್ಪಾಯಿತು. ಕೈ ಅಡ್ಡ ಹಿಡಿದವರನ್ನು ಕಂಡ ಮೇಲೆ ನಮ್ಮ ಮೇಸ್ತ್ರಿಯ ಕೈ ಶಲ್ಯದೊಳಗೆ ನಿಲ್ಲಲಿಲ್ಲ. ಎದ್ದು ಬಂದು ತಾವೇ ಮಿರ್ಚಿ ಬಡಿಸಿದರು.

ಸಂಡೂರಿನ ಮೇಸ್ತ್ರಿ ಮಿರ್ಚಿ ನೋಡಲಿಲ್ಲ, ಹೆಬ್ಬೆರಳು ನೋಡಿದರು. ಜೇಬಿನಿಂದ ಮೊಬೈಲು ತೆಗೆದು ಆ ಬೆರಳಿನ ಪಕ್ಕ ಹಿಡಿದು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು.

"ಪ್ಲಗ್ಗಿಗೆ ಪೇಸ್ಟ್ ಹಚ್ತೀರೇನ್ರಿ?"

"ಹಚ್ತೀವ್ರಿ. ನೀವು?"

"ನಾವು ಒಣಾ ಹಾಕೋ ಮಂದಿ."

ಕಂಪ್ಲಿಯ ಸಾಹುಕಾರರ ಮುಖದಲ್ಲಿ ಬೆವರು ಒಡೆಯಿತು. ನನ್ನ ಕಡೆ ಬಾಗಿ, "ಇದು ಯಾವ ಒಳಪಂಗಡಪಾ? ನಾ ಕೇಳೇ ಇಲ್ಲ" ಎಂದರು.

ಆಮೇಲೆ ನಡೆದ ಮಾತುಗಳೆಲ್ಲ ಇಂಜಿನ್ನಿನ ಭಾಷೆಯಲ್ಲಿದ್ದವು. ಒಣ ಪ್ಲಗ್ಗು ಹೆಡ್ಡಿಗೆ ಅಂಟಿಕೊಂಡು ಕೂರುತ್ತದೆ, ಬಿಚ್ಚುವವನ ಗೋಳು ಯಾರಿಗೆ ಬೇಕು ಎಂದು ಇವರು. ಪೇಸ್ಟ್ ಹಚ್ಚಿದ ಪ್ಲಗ್ಗು ಜಾರುತ್ತದೆ, ಬಿಗಿ ಮೀರಿ ಥ್ರೆಡ್ಡು ಕಿತ್ತುಹೋಗುತ್ತದೆ ಎಂದು ಅವರು. ಇಬ್ಬರು ಹೇಳಿದ್ದೂ ಸರಿಯಾಗಿತ್ತು. ಜಗಳ ಬಗೆಹರಿಯದಿದ್ದದ್ದು ಅದಕ್ಕೇ. ಒಬ್ಬರಾದರೂ ತಪ್ಪಿದ್ದರೆ ಅವರ ಬಾಯಿ ಮುಚ್ಚಿಸಬಹುದಿತ್ತು. ಕೊನೆಗೆ ಸಂಡೂರಿನವರು ಎದ್ದು, ಪೇಸ್ಟ್ ಹಚ್ಚುವ ಮನೆಯಿಂದ ಹೆಣ್ಣು ತರುವುದಿಲ್ಲ ಎಂದರು. ನಮ್ಮವರು, ಒಣಾ ಹಾಕುವ ಮನೆಗೆ ಕೊಡುವುದೂ ಇಲ್ಲ ಎಂದರು.

ಅಷ್ಟರಲ್ಲಿ ಮಾಳಿಗೆಯಿಂದ ಹುಡುಗ, ಹುಡುಗಿ ನಗುತ್ತಾ ಇಳಿದು ಬಂದರು. ಒಬ್ಬೊಬ್ಬ ತಂದೆ ಒಂದೊಂದು ಗೋಡೆ ನೋಡುತ್ತಾ ನಿಂತಿದ್ದರು. ಏನಾಯಿತು ಎಂದು ಹುಡುಗ ತಾಯಿಯನ್ನು ಕೇಳಿದ.

"ಏನಿಲ್ಲಪಾ" ಎಂದರು ಆ ತಾಯಿ, ಸೆರಗು ಸರಿಮಾಡಿಕೊಳ್ಳುತ್ತಾ. "ಜಾತಕ ಎಲ್ಲಾ ಹೊಂದೇತಿ. ಪ್ಲಗ್ಗು ಹೊಂದವಲ್ದು."

೪. ಸಂಡೂರಿನ ಗುಡ್ಡ

ಹುಡುಗಿ ಅಳಲಿಲ್ಲ, ಊಟ ಬಿಡಲಿಲ್ಲ. ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ಹೇಳಿ ಮರುದಿನ ಕೆಲಸಕ್ಕೆ ಹೋದಳು. ಅಲ್ಲಿ ಹುಡುಗನೂ ತನ್ನ ಮನೆಯಲ್ಲಿ ಅದನ್ನೇ ಹೇಳಿ ಬಂದಿದ್ದ. ಮೇಸ್ತ್ರಿಯ ಹೆಂಡತಿ ನನ್ನ ಅಂಗಡಿಗೆ ಬಂದು, ಅಣ್ಣಾರ, ನೀವು ಇಬ್ಬರಿಗೂ ಸಾಮಾನು ಕೊಡುವವರು, ಯಾರ ಕಡೆಯೂ ಅಲ್ಲ, ಸಂಡೂರಿಗೆ ಹೋಗಿ ಒಂದು ಮಾತು ಹೇಳಿ ಬನ್ನಿ ಎಂದರು. ನಿಜ. ಒಬ್ಬರಿಗೆ ಪೇಸ್ಟ್ ಮಾರುತ್ತೇನೆ, ಇನ್ನೊಬ್ಬರಿಗೆ ಮುರಿದ ಪ್ಲಗ್ಗು ತೆಗೆಯುವ ಸಾಮಾನು ಮಾರುತ್ತೇನೆ. ನನ್ನಷ್ಟು ತಟಸ್ಥ ಮನುಷ್ಯ ಈ ಭಾಗದಲ್ಲಿ ಇನ್ನೊಬ್ಬನಿಲ್ಲ.

ಸಂಡೂರಿನ ಬಸ್ಸು ಇಳಿದಾಗ ನನ್ನ ಬಿಳಿ ಅಂಗಿ ಅದಿರಿನ ಧೂಳಿಗೆ ಕೆಂಪಾಗಿತ್ತು. ಸಂಡೂರಿನ ಮೇಸ್ತ್ರಿ ಬರ್ರಿ, ಕುಂದ್ರಿ ಎಂದು ಕುರ್ಚಿ ಒರೆಸಿ ಕೊಟ್ಟರು. ಚಹ ತರಿಸಿದರು. ಮದುವೆಯ ಮಾತು ಎತ್ತುವ ಮೊದಲೇ ಅವರು ಒಣ ಪ್ಲಗ್ಗಿನ ಮಹಿಮೆ ಶುರುಮಾಡಿದರು. ಪ್ಲಗ್ಗು ಒಣದಾಗಿದ್ದರೆ ಬಿಗಿ ಎಷ್ಟಾಯಿತೆಂದು ಕೈಗೆ ಹೇಳುತ್ತದಂತೆ. ಪೇಸ್ಟ್ ಹಚ್ಚಿದರೆ ಕೈ ಕಿವುಡಾಗುತ್ತದಂತೆ. ಇನ್ನು, ಪೇಸ್ಟ್ ಜಾಸ್ತಿಯಾಗಿ ಕಿಡಿ ಹಾರುವ ತುದಿಗೆ ತಾಗಿದರೆ ಕಿಡಿಯೇ ಹಾರುವುದಿಲ್ಲವಂತೆ. ಇದನ್ನೆಲ್ಲ ಅವರು ಪುರಾಣ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು. ನಾಳೆ ಮೊಮ್ಮಕ್ಕಳು ತಾಯಿಯ ತವರಿಗೆ ಹೋಗಿ ಏನು ಕಲಿತು ಬರುತ್ತಾರೆ ಎಂಬುದು ಅವರ ದೊಡ್ಡ ಚಿಂತೆಯಾಗಿತ್ತು.

ಆಗ ಒಬ್ಬ ಶಾಲೆ ಮೇಷ್ಟ್ರು ಸ್ಕೂಟರು ತಳ್ಳಿಕೊಂಡು ಬಂದರು. ಪ್ಲಗ್ಗು ಬದಲಿಸಬೇಕಿತ್ತು.

"ಇದು ನಾನ ಹಾಕಿದ್ದು" ಎಂದು ಮೇಸ್ತ್ರಿ ನನಗೆ ಹೆಮ್ಮೆಯಿಂದ ಹೇಳಿದರು. "ಭಾಳ ವರ್ಷ ಆತು. ಈಗ ನೋಡ್ರಿ, ಒಣಾ ಹಾಕಿದ್ದು ಹೆಂಗ ಬರ್ತದಂತ."

ಪಾನಾ ಹಾಕಿದರು. ಬರಲಿಲ್ಲ. ಪಾನಾದ ಹಿಡಿಗೆ ಪೈಪು ಸೇರಿಸಿ ಉದ್ದ ಮಾಡಿದರು. ಸ್ಕೂಟರು ತಿರುಗಿತು, ಪ್ಲಗ್ಗು ತಿರುಗಲಿಲ್ಲ. ಮೇಷ್ಟ್ರಿಗೆ ಸ್ಕೂಟರು ಹಿಡಿದುಕೊಳ್ಳಲು ಹೇಳಿದರು. ಈಗ ಮೇಷ್ಟ್ರೂ ತಿರುಗಿದರು. ಡೀಸೆಲ್ ಬಿಟ್ಟು ನೆನೆಯಲು ಇಟ್ಟರು. ನಾವು ಇನ್ನೊಂದು ಚಹ ಕುಡಿದೆವು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು, ಮೆಲ್ಲಗಲ್ಲದೆಯೂ ತಟ್ಟಿದರು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ನಾನು ನೋಡುವುದೇ ಅವರಿಗೆ ಇನ್ನೂ ಕಷ್ಟವಾಗುತ್ತಿತ್ತು ಎಂದು ಕಾಣುತ್ತದೆ.

ಬೆವರು ಒರೆಸಿಕೊಂಡು ಅವರು ನನ್ನ ಹಿಂದೆ ಎಲ್ಲೋ ಕೈ ತೋರಿಸಿದರು.

"ಅಣ್ಣಾರ, ಆ ಗುಡ್ಡ ನೋಡ್ರಿ. ಮಳಿ ಆದಮ್ಯಾಲ ಭಾಳ ಚಂದ ಕಾಣ್ತದ."

ನಾನು ಪೂರ್ತಿ ತಿರುಗಿ ಗುಡ್ಡ ನೋಡಿದೆ. ಬೆನ್ನ ಹಿಂದೆ ಟಕ್ ಎಂದು ಏನೋ ಮುರಿದ ಸದ್ದಾಯಿತು. ಮೇಷ್ಟ್ರು ಶಿವ ಶಿವ ಎಂದರು.

ನಾನು ಗುಡ್ಡದಿಂದ ಕಣ್ಣು ಕೀಳಲಿಲ್ಲ. ಚೆನ್ನಾಗಿಯೇ ಇತ್ತು.

ಬರುವಾಗ ಸಂಡೂರಿನ ಮೇಸ್ತ್ರಿಯ ಹೆಂಡತಿ ಬಾಗಿಲ ತನಕ ಬಂದು, ಹೊಸಪೇಟೆಯ ಅಕ್ಕನಿಗೆ ಹುಡುಗಿ ನಮಗೆ ಒಪ್ಪಿಗೆ ಎಂದು ಹೇಳಿ, ಅವರ ಫೋನ್ ನಂಬರು ಕೊಡಿ ಎಂದರು. ಕೊಟ್ಟೆ. ಆ ದಿನ ನನ್ನಿಂದ ಆದ ಕೆಲಸ ಅದೊಂದೇ.

೫. ಕಂಪ್ಲಿಯ ತೀರ್ಪು

ಕೆಟ್ಟ ಸಂಬಂಧವನ್ನು ಸರಿಮಾಡದಿದ್ದರೆ ತಮ್ಮ ಹೆಸರು ಹೋಗುತ್ತದೆ ಎಂದು ಕಂಪ್ಲಿಯ ಸಾಹುಕಾರರು ಒಂದು ಪರೀಕ್ಷೆ ಇಟ್ಟರು. ಅವರ ಮಿಲ್ಲಿನಲ್ಲಿ ಒಂದೇ ಬಗೆಯ ಎರಡು ಮೊಪೆಡ್ಡುಗಳಿದ್ದವು, ಒಂದು ಕೆಂಪು, ಒಂದು ನೀಲಿ. ಭತ್ತದ ಸ್ಯಾಂಪಲ್ಲು ತರಲು ಗದ್ದೆ ಗದ್ದೆ ತಿರುಗುವ ಗಾಡಿಗಳು. ಕೆಂಪಿಗೆ ನಮ್ಮ ಮೇಸ್ತ್ರಿ ಪೇಸ್ಟ್ ಹಚ್ಚಿ ಹೊಸ ಪ್ಲಗ್ಗು ಹಾಕಬೇಕು. ನೀಲಿಗೆ ಸಂಡೂರಿನವರು ಒಣದು ಹಾಕಬೇಕು. ಕೊಯ್ಲು ಮುಗಿದ ಮೇಲೆ ಎಲ್ಲರ ಮುಂದೆ ಬಿಚ್ಚಬೇಕು. ಯಾರ ಪ್ಲಗ್ಗು ಕಿರಿಕಿರಿ ಇಲ್ಲದೆ ಬರುತ್ತದೋ ಅವರು ಗೆದ್ದಂತೆ. ಸೋತವರು ಗೆದ್ದವರ ಪದ್ಧತಿ ಒಪ್ಪಿ, ಮದುವೆಗೂ ಒಪ್ಪಬೇಕು.

ಒಂದು ಕೊಯ್ಲಿನೊಳಗೆ ಯಾವ ಪ್ಲಗ್ಗೂ ಅಂಟಿಕೊಳ್ಳುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಇದು ಇಬ್ಬರು ಮೇಸ್ತ್ರಿಗಳಿಗೂ ಗೊತ್ತಿತ್ತು. ಪರೀಕ್ಷೆಗೆ ಹೆದರಿದ ಎಂದು ಯಾರಾದರೂ ಅಂದಾರು ಎಂದು ಇಬ್ಬರೂ ಹೇಳಲಿಲ್ಲ. ಗೊತ್ತಿದ್ದ ಇನ್ನೊಂದು ಸಂಗತಿಯನ್ನೂ ಯಾರೂ ಹೇಳಲಿಲ್ಲ: ಸೋತ ಮೇಸ್ತ್ರಿ ಯಾರೇ ಆದರೂ, ಬಾಯಲ್ಲಿ ಒಪ್ಪಿದರೂ, ಮದುವೆ ಮಂಟಪಕ್ಕೆ ಕಾಲಿಡುವವರಲ್ಲ.

ಆ ದಿನ ಮಿಲ್ಲಿನ ಅಂಗಳದಲ್ಲಿ ಜನ ಕೂಡಿದ್ದರು. ಹಮಾಲರು ಚೀಲ ಬಿಟ್ಟು ಬಂದರು. ಹುಡುಗ ಹುಡುಗಿ ರಜೆ ಹಾಕಿ ಬಂದು ಆ ಮೂಲೆಗೊಬ್ಬರು, ಈ ಮೂಲೆಗೊಬ್ಬರು ನಿಂತರು. ಅವರ ತಾಯಂದಿರು ಮಾತ್ರ ಒಂದೇ ಕಡೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ನಮ್ಮ ಮೇಸ್ತ್ರಿ ಕೆಂಪು ಮೊಪೆಡ್ಡಿನ ಪ್ಲಗ್ಗಿಗೆ ಪಾನಾ ಹಾಕಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಎತ್ತಿ ಹಿಡಿದರು. ಥ್ರೆಡ್ಡು ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಬೆಳ್ಳಿಯ ಒಂದು ಚುಕ್ಕೆಯೂ ಇರಲಿಲ್ಲ. ಮೇಸ್ತ್ರಿ ಅದನ್ನು ನೋಡಿದರು, ತಮ್ಮ ಹೆಬ್ಬೆರಳು ನೋಡಿಕೊಂಡರು.

ಸಂಡೂರಿನ ಮೇಸ್ತ್ರಿ ನೀಲಿಯದನ್ನು ಬಿಚ್ಚಿದರು. ಅದೂ ಅಷ್ಟೇ ಸಲೀಸಾಗಿ ಬಂತು. ಒಣದಾಗಿ ಹಾಕಿದ್ದ ಆ ಪ್ಲಗ್ಗು ಕುತ್ತಿಗೆಯ ತನಕ ಬೆಳ್ಳಿ ಪೇಸ್ಟಿನಲ್ಲಿ ಮುಳುಗಿತ್ತು.

ಯಾರು ಗೆದ್ದರು ಎಂದು ಸಾಹುಕಾರರು ಕೇಳಿದರು. ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಮೇಸ್ತ್ರಿ ನನ್ನ ತೋಳು ಹಿಡಿದು ತೌಡಿನ ಚೀಲಗಳ ಹಿಂದೆ ಕರೆದೊಯ್ದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ನೋಡಿದ್ರಾ ಅಣ್ಣಾರ? ನನ್ನ ಪ್ಲಗ್ಗಿನ ಪೇಸ್ಟ್ ಒರಿಸ್ಕೊಂಡು ಹೋಗಿ ತಮ್ಮದಕ್ಕ ಹಚ್ಚ್ಯಾರ. ಒಳಗ ಒಪ್ಪಿಗಿ ಐತಿ, ಬಾಯಿಬಿಟ್ಟು ಹೇಳಾಕ ನಾಚಿಕಿ. ನಾ ಎಲ್ಲಾರ ಮುಂದ ಕೇಳಂಗಿಲ್ಲ. ಎಷ್ಟಂದ್ರೂ ನಾಳೆ ಬೀಗರು."

ಅವರನ್ನು ಬಿಟ್ಟು ಬರುವಷ್ಟರಲ್ಲಿ ಸಂಡೂರಿನವರು ತೂಕದ ಕಾಟಾದ ಹತ್ತಿರ ನನ್ನನ್ನು ನಿಲ್ಲಿಸಿದರು. ಅವರೂ ಮೆತ್ತಗಾಗಿದ್ದರು.

"ನಿಮ್ಮ ಮೇಸ್ತ್ರಿ ಭಾಳ ಸಂಭಾವಿತರು ಬಿಡ್ರಿ. ಕದ್ದು ಬಂದು ತಮ್ಮ ಪ್ಲಗ್ಗು ಒರಿಸಿ ಒಣಾ ಮಾಡಿ ಹಾಕ್ಯಾರ. ಅಂದ್ರ ನನ್ನ ಮಾತು ಒಪ್ಪಿದಂಗ ಆತಲ್ಲ? ಒರಿಸಿದ್ದ ಪೇಸ್ಟ್ ಎಲ್ಲಿ ಚೆಲ್ಲಬೇಕಂತ ತಿಳೀದ ನನ್ನದಕ್ಕ ಮೆತ್ತ್ಯಾರ. ಹೋಗ್ಲಿ, ದೊಡ್ಡದು ಮಾಡೂದು ಬ್ಯಾಡ."

ಇಬ್ಬರೂ ಅಂಗಳಕ್ಕೆ ಬಂದು, ಇಬ್ಬರದೂ ಸಲೀಸಾಗಿ ಬಂದ ಮೇಲೆ ಸೋಲು ಗೆಲುವಿನ ಮಾತೇಕೆ ಎಂದರು. ಎದುರಿಗಿದ್ದವರ ಮಾನ ಕಾಪಾಡಿದ ತೃಪ್ತಿ ಇಬ್ಬರ ಮುಖದಲ್ಲೂ ಇತ್ತು. ಸಾಹುಕಾರರು ಸಕ್ಕರೆ ಹಂಚಿಸಿದರು. ಹುಡುಗಿ ಮೊದಲ ಬಾರಿಗೆ ತಲೆ ತಗ್ಗಿಸಿದಳು.

ಮದುವೆ ಹೊಸಪೇಟೆಯಲ್ಲೇ ಆಯಿತು. ಇಬ್ಬರು ಬೀಗರೂ ಮಂಟಪದಲ್ಲಿ ಅಕ್ಕಪಕ್ಕ ಕೂತಿದ್ದರು. ತಾನು ಇನ್ನೊಬ್ಬರನ್ನು ತಿದ್ದಿದೆ ಎಂದು ಇಬ್ಬರೂ ನಂಬಿದ್ದರಿಂದ ಅವರಷ್ಟು ಅನ್ಯೋನ್ಯವಾದ ಬೀಗರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಕ್ಷತೆ ಹಾಕಿ ಇಳಿದು ಬರುವಾಗ ನಮ್ಮ ಮೇಸ್ತ್ರಿಯ ಹೆಂಡತಿ ಒಬ್ಬರೇ ಸಿಕ್ಕರು. ಆ ಪ್ಲಗ್ಗುಗಳ ವಿಷಯ ನನಗೆ ಇನ್ನೂ ತಿಳಿಯಲಿಲ್ಲ ಎಂದೆ. ಅವರು ಸುತ್ತ ನೋಡಿ, ತಿಳಿಯುವುದೇನಿದೆ, ಕೊಯ್ಲು ಶುರುವಾಗುವ ಮೊದಲೇ ಒಂದು ದಿನ ನಾನೂ ಸಂಡೂರಿನ ಅಕ್ಕನೂ ಕಂಪ್ಲಿಗೆ ಹೋಗಿ ಕೆಂಪಿನ ಪ್ಲಗ್ಗು ನೀಲಿಗೆ, ನೀಲಿಯದು ಕೆಂಪಿಗೆ ಹಾಕಿ ಬಂದೆವು ಎಂದರು. ಅಕ್ಕ ಬಿಚ್ಚಿದರಂತೆ, ಇವರು ಹೆಡ್ಡಿನ ತೂತಿನ ಒಳಗೆಲ್ಲ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರಂತೆ. ಮೇಸ್ತ್ರಿಗಳ ಜೊತೆ ಇಷ್ಟು ವರ್ಷ ಬಾಳ್ವೆ ಮಾಡಿದ ಮೇಲೆ ಅಷ್ಟೂ ಬಾರದಿದ್ದರೆ ಹೇಗೆ ಎಂದರು.

ಹಾಗೆ ಮಾಡಿದ್ದು ಯಾರು ಗೆಲ್ಲಲಿ ಎಂದು ಕೇಳಿದೆ.

"ಯಾರೂ ಗೆಲ್ಲಬಾರದಂತ. ನಮ್ಮವರು ಸೋತ್ರ ಮಂಟಪಕ್ಕ ಬರಂಗಿಲ್ಲ. ಗೆದ್ರ ಸಾಯೂತನಕ ಮನ್ಯಾಗ ಅದನ್ನ ಕೇಳಬೇಕು. ಅಕ್ಕಾರ ಮನ್ಯಾಗೂ ಅದ ಕತಿ."

ಆದರೂ ಮಿಲ್ಲಿನಲ್ಲಿ ಅಷ್ಟು ಜನ ಇರುತ್ತಾರೆ. ಇಬ್ಬರು ಹೆಂಗಸರು ಬಂದು ಮೊಪೆಡ್ಡುಗಳ ಮುಂದೆ ಕೂತರೆ ಒಬ್ಬರಾದರೂ ಯಾಕೆ ಬಂದಿರಿ ಎಂದು ಕೇಳಲಿಲ್ಲವೇ ಎಂದೆ.

"ಕೇಳಿದ್ರು. ಮದುವಿ ಅಕ್ಕಿ ಆರಿಸಾಕ ಬಂದೇವಂತ ಹೇಳಿದ್ವಿ. ಸುಳ್ಳೇನಲ್ಲ, ಅವತ್ತ ಆರಿಸಿ ಇಟ್ಟು ಬಂದಿದ್ವಿ" ಎಂದರು. "ಹೋಗಿ ಊಟಕ್ಕ ಕುಂದ್ರಿ ಅಣ್ಣಾರ, ಅದ ಅಕ್ಕಿ ಅನ್ನ."